ಖೋ ಬೀಳುವ ಮುನ್ನ

ಹೆಬ್ಬೆರಳು, ಸುಷ್ಮಾಳ ಎಡಗಾಲಿನ ಹೆಬ್ಬೆರಳು ಚಪ್ಪಲಿಯನ್ನು ಒತ್ತುತ್ತಿದೆ, ಬಿಡುತ್ತಿದೆ, ಮತ್ತೆ ಒತ್ತುತ್ತಿದೆ — ಇವಳಿಗೆ ಇದನ್ನು ಯಾರು ಹೇಳಿಕೊಟ್ಟರು, ಇದು ನನ್ನದು, ಹರಿಹರದ ಮೈದಾನದಲ್ಲಿ ಮಾಲತೇಶಪ್ಪ ಮೇಷ್ಟ್ರು ನನ್ನೊಬ್ಬಳನ್ನೇ ಬದಿಗೆ ಕರೆದು ಹೇಳಿದ್ದು, ನೇತ್ರಾ, ಖೋ-ಖೋದಾಗ ಓಡೋದಕ್ಕಿಂತ ಕೂಡೋದು ಕಷ್ಟ ಐತೆ, ಬೆನ್ನಿಗೆ ಕೈ ಬಿದ್ದು ಖೋ ಅನ್ನೋತನಕ ಹೆಬ್ಬೆರಳು ಒತ್ತು, ಉಸಿರು ನಿಧಾನಕ್ಕೆ ಬಿಡು, ಸ್ಕೋರ್ ನೆನಿಬ್ಯಾಡ, ಪಕ್ಕದೋರ್ನ ನೆನಿಬ್ಯಾಡ, ಈಗ ಅಂತ ಒಂದೇ ಮಾತು ಅನ್ಕೋ — ಆಗ ಅದೇ ತಂಡದಲ್ಲಿದ್ದ ಇವಳು ಖೋ ಬೀಳುವ ಮೊದಲೇ ಎದ್ದು ಫೌಲ್ ಮಾಡುತ್ತಿದ್ದಳು, ನಾನು ಕಲ್ಲಿನ ಹಾಗೆ ಕೂತಿರುತ್ತಿದ್ದೆ — ಈಗ, ಈಗ, ಅನ್ನುತ್ತೇನೆ, ಈಗ ಎಂದರೆ ವಿದ್ಯಾನಗರದ ಈ ಶಾಲೆಯ ವರಾಂಡ, ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲಾಚೆ ಸಂದರ್ಶನ, ದೈಹಿಕ ಶಿಕ್ಷಕಿಯ ಒಂದೇ ಒಂದು ಕಾಯಂ ಹುದ್ದೆ, ಮತ್ತು ಪಕ್ಕದಲ್ಲಿ ಇವಳು. ಮಾಯಕೊಂಡದಲ್ಲಿ ಅತಿಥಿ ಶಿಕ್ಷಕಿಯಾಗಿ ಪ್ರತಿ ಬೇಸಿಗೆಗೂ ಕೆಲಸ ಕಳೆದುಕೊಂಡು ಸಾಕಾಗಿದೆ, ಇದು ನನಗೇ ಆಗಬೇಕು, ಇವಳಿಗೇನು ಕಡಿಮೆ, ಎಂ.ಸಿ.ಸಿ. ಬಡಾವಣೆಯಲ್ಲಿ ಸ್ವಂತ ಮನೆ, ಗಂಡ ಸ್ಕೂಟರಿನಲ್ಲಿ ಬಿಟ್ಟು ನೀರಿನ ಬಾಟಲಿ ಬೇರೆ ಕೈಗಿಟ್ಟು ಹೋದ, ನಾನು ಹರಿಹರದಿಂದ ಬಸ್ಸಿನಲ್ಲಿ ನಿಂತೇ ಬಂದವಳು. ಕೇಳಿಯೇಬಿಟ್ಟೆ, ಏನೇ ಅದು ಬೆರಳಾಟ. ನಕ್ಕಳು — ಮಾಲತೇಶಪ್ಪ ಸರ್ ಕಲಿಸಿದ್ದು ಕಣೇ, ಯಾರಿಗೂ ಹೇಳಬ್ಯಾಡ ಅಂದಿದ್ರು, ನಮ್ಮತ್ತೆ ಬೈಯೋವಾಗ್ಲೂ ಇದನ್ನೇ ಮಾಡ್ತೀನಿ, ಒಂದು ಮಾತೂ ತಾಗಲ್ಲ ನೋಡು. ನನಗೂ ಹಾಗೇ ಅಂದಿದ್ದರಲ್ಲ, ಯಾರಿಗೂ ಹೇಳಬ್ಯಾಡ ಎಂದು, ಇನ್ನೆಷ್ಟು ಹುಡುಗಿಯರನ್ನು ಬದಿಗೆ ಕರೆದು ಇದನ್ನೇ ಹೇಳಿದ್ದನೋ ಆ ಮುದುಕ, ಹೌದು, ಹೊಟ್ಟೆಕಿಚ್ಚೇ, ಒಪ್ಪಿಕೊಳ್ಳಲು ಯಾರ ಭಯ ನನಗೆ.

ಅವಳನ್ನು ಮೊದಲು ಕರೆದರು, ಸೆರಗು ಸರಿಮಾಡಿಕೊಂಡು ಹೋದಳು, ಹೆಬ್ಬೆರಳು ಒತ್ತು, ಒತ್ತುತ್ತೇನೆ, ಉಸಿರು ಬಿಡು, ಬಿಡುತ್ತೇನೆ, ಕಿವಿ ಮಾತ್ರ ಬಾಗಿಲಿಗೇ ಅಂಟಿದೆ, ಒಳಗೆ ಯಾರೋ ನಕ್ಕರು, ಅವಳೂ ನಕ್ಕಳು, ಸಂದರ್ಶನದಲ್ಲಿ ನಗಿಸುವಂಥದ್ದು ಏನು ಹೇಳಿರಬಹುದು, ನನ್ನ ಉತ್ತರಗಳೆಲ್ಲ ಎಲ್ಲಿ ಹೋದವು, ಖೋ-ಖೋ ಅಂಕಣದ ಅಳತೆಯೂ ನೆನಪಾಗುತ್ತಿಲ್ಲ, ಬಾಗಿಲು ತೆರೆಯಿತು, ಅವಳ ಮುಖ ಅರಳಿದೆ, ಗುಮಾಸ್ತ ಕೂಗುತ್ತಿದ್ದಾನೆ, ನೇತ್ರಾವತಿ ಯಾರ್ರೀ, ಬರ್ರಿ ಒಳಗ, ಏಳಬೇಕು, ಮತ್ತೆ ಕೂಗಿದ, ಸುಷ್ಮಾ ಹಿಂದೆ ಬಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು, ಏಳೇ, ಹೆದರಬ್ಯಾಡ, ನಿಂಗೇ ಆಗ್ತದೆ — ಕೈ ಬಿದ್ದೊಡನೆ ಎದ್ದು ಓಡುವುದು ಈ ಮೈಗೆ ಗೊತ್ತು, ಆದರೆ ಇವಳ ಕೈಗೆ ಏಳಬೇಕೇ, ಇವಳ ಕೈಗೆ, ಕೂತೇ ಇದ್ದೇನೆ, ಗುಮಾಸ್ತ ನನ್ನ ಹೆಸರು ಬಿಟ್ಟು ಮುಂದಿನ ಹೆಸರು ಓದುತ್ತಿದ್ದಾನೆ, ಏಳು, ಏಳೇ, ಬೆನ್ನ ಮೇಲೆ ಅಂಗೈ, ಬೆಚ್ಚಗಿದೆ, ಅಂಗೈ, ತೆಗೆಯುತ್ತಲೇ ಇಲ್ಲ, ಅಂಗೈ