ಮಾತು ಬಿಟ್ಟವರ ಸಂತೆ

ಭಾನುವಾರ ಮಧ್ಯಾಹ್ನವಾಯಿತೆಂದರೆ ಜಯಮಾಲಾಳ ಕಾಲು ಒಂದೆಡೆ ನಿಲ್ಲುವುದಿಲ್ಲ. ಸಿಂದಗಿಯ ಮನೆಯ ಮಾಳಿಗೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಆಕೆ ಒಂದು ಊರನ್ನೇ ನಡೆಸಬೇಕು. ಅದು ಆನ್‌ಲೈನ್ ಆಟದೊಳಗಿನ ಊರು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಜನ ತಮ್ಮ ತಮ್ಮ ಮನೆಯಿಂದಲೇ ಅದರೊಳಗೆ ಬಂದು, ಪೊಲೀಸ, ಕಳ್ಳ, ಕಾಯಿಪಲ್ಲೆ ಮಾರುವವಳು ಅಂತ ಒಂದೊಂದು ವೇಷ ತೊಟ್ಟು, ಮೈಕಿನಲ್ಲಿ ಆ ವೇಷಕ್ಕೆ ತಕ್ಕ ಮಾತಾಡುತ್ತಾರೆ. ವಾರದ ಸಂತೆ ಕೂಡಿಸುವುದು, ಅಲ್ಲೊಂದು ಪ್ರಸಂಗ ಹೂಡುವುದು ಜಯಮಾಲಾಳ ಕೆಲಸ. ಇರುವುದು ಒಂದೇ ಕಟ್ಟಳೆ: ವೇಷದೊಳಗಿದ್ದಾಗ ಹೊರಗಿನ ಬದುಕಿನ ಸುದ್ದಿ ಎತ್ತಬಾರದು. ಆ ಕಟ್ಟಳೆ ಮಾಡಿದವಳೂ ಆಕೆಯೇ.

ಆಕೆಯ ಅಪ್ಪ ಬಸಂತರಾಯರು ಮೊಣಕಾಲ ಆಪರೇಶನ್ ಆಗಿ ಮನೆ ಹಿಡಿದಾಗ, ಅವರ ಗೊಣಗಾಟ ತಾಳಲಾರದೆ ಆಕೆಯೇ ಅವರನ್ನೂ ಆಟಕ್ಕೆ ಎಳೆದಿದ್ದಳು. ಅಲ್ಲಿ ಅವರು ಲಾರಿ ಡ್ರೈವರ್ ಮಾಳಿಂಗಪ್ಪ. ಕೆಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತರೆ ಊಟಕ್ಕೆ ಹತ್ತು ಸಲ ಕೂಗಬೇಕು. ಕೆಲವು ತಿಂಗಳ ಹಿಂದೆ ಆ ಸಂತೆಯಲ್ಲಿ ಚಾಂದಸಾಬ ಎಂಬ ಹೆಸರಿನವನೊಬ್ಬ ಚಹಾದಂಗಡಿ ತೆರೆದ. ಅವನು ಬಾಯಿ ಬಿಟ್ಟಿದ್ದೇ ತಡ, ಜಯಮಾಲಾಳಿಗೆ ಗುರುತು ಹತ್ತಿತು. ಇಂಡಿಯಲ್ಲಿರುವ ಕಾಳಪ್ಪ ಕಾಕಾ! ಅಪ್ಪನ ಬೆನ್ನಿಗೆ ಬಿದ್ದ ತಮ್ಮ.

ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು. ಹೊಲಮನೆಯ ತಂಟೆಯೇನಲ್ಲ. ಈ ಮನೆಯ ಗೃಹಪ್ರವೇಶಕ್ಕೆ ಬಸಂತರಾಯರು ತಮ್ಮನ ಮನೆಗೆ ತಾವೇ ಹೋಗಿ ಕರೆಯದೆ, ತಮ್ಮ ಅಂಗಡಿಯ ಆಳಿನ ಕೈಯಲ್ಲಿ ಪತ್ರಿಕೆ ಕಳಿಸಿದ್ದರು. "ಊರ ಮಂದಿಗೆ ಕರದಂಗ ನನಗ ಕರದಾ" ಎಂದು ಕಾಕಾ ಮುಖ ತಿರುಗಿಸಿದ್ದ. ಅಂಥವರಿಬ್ಬರು ಸಂತೆಯಲ್ಲಿ ಕೂತು ತಾಸುಗಟ್ಟಲೆ ಹರಟುತ್ತಾರೆ! ಗುರುತು ಹತ್ತಿದೆಯೋ ಇಲ್ಲವೋ, ಮಾತಾಡುವುದು ಮಾಳಿಂಗಪ್ಪ ಮತ್ತು ಚಾಂದಸಾಬ. ಬಸಂತರಾಯರ ಮಾನಕ್ಕೂ ಕಾಳಪ್ಪನ ಮಾನಕ್ಕೂ ಧಕ್ಕೆಯಿಲ್ಲ. ಗಂಡಸರ ಹಟಕ್ಕೆ ಎಂಥೆಂಥ ಸೌಲಭ್ಯ ಬೇಕಾಗುತ್ತದೆ ನೋಡಿ.

ಜಯಮಾಲಾಳ ಮದುವೆ ಬಾಗೇವಾಡಿಯಲ್ಲಿ ಗೊತ್ತಾಗಿತ್ತು. ಕಾಕಾ ಬಂದು ಅಕ್ಷತೆ ಹಾಕದಿದ್ದರೆ ಅದೆಂಥ ಮದುವೆ ಎಂದು ಆಕೆಗೆ ಒಳಗೊಳಗೇ ಕುದಿತ. ಅಪ್ಪನಿಗೆ ಹೇಳಿದರೆ "ನೋಡೂಣು" ಅನ್ನುತ್ತಾರೆ, ಕಿಟಕಿಯ ಕಡೆ ನೋಡುತ್ತಾರೆ. ಕಾದು ಕೂರುವ ಜಾಯಮಾನ ಆಕೆಯದಲ್ಲ. ಆ ಭಾನುವಾರ ಪ್ರಸಂಗವನ್ನೇ ಬೇಕೆಂದು ಹಾಗೆ ಹೂಡಿದಳು: ಮಾಳಿಂಗಪ್ಪನ ಲಾರಿ ಚಾಂದಸಾಬನ ಅಂಗಡಿಗೆ ಗುದ್ದಿದೆ, ಕಟ್ಟೆಯ ಮೇಲೆ ಪಂಚಾಯಿತಿ, ತೀರ್ಪು ಹೇಳುವ ಹಿರಿಯಳು ತಾನು.

ಇಬ್ಬರೂ ಜಗಳಾಡಿದ್ದೇ ಜಗಳಾಡಿದ್ದು.

"ಕಣ್ಣ ಮುಚ್ಚಿ ಗಾಡಿ ಹೊಡೀತಿಯೇನಪಾ?" ಎಂದ ಚಾಂದಸಾಬ.

"ನಿನ್ನ ಚಾ ಕುಡದ್ರ ಕಣ್ಣ ತಾವ ಮುಚ್ತಾವ!" ಎಂದ ಮಾಳಿಂಗಪ್ಪ.

ಸಂತೆಗೆ ಸಂತೆಯೇ ನಕ್ಕಿತು. ಅವರೂ ನಕ್ಕರು. ಆ ನಗು ಕೇಳಿ ಜಯಮಾಲಾಳಿಗೆ ತಡೆಯಲಾಗಲಿಲ್ಲ.

"ಕಾಕಾ, ಸಾಕಿನ್ನ. ನನ್ನ ಮದವಿಗೆ ಬಾ," ಎಂದುಬಿಟ್ಟಳು.

ಚಾಂದಸಾಬ ನಿಂತಲ್ಲೇ ಮಾಯವಾದ.

ಆಕೆ ದಡದಡ ಕೆಳಗಿಳಿದಳು. ಅಪ್ಪ ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಒಗೆದಿದ್ದರು.

"ಹುಚ್ಚಿ, ಎಲ್ಲಾ ಕೆಡಿಸಿದಿ."

"ನಿನಗ ಮೊದಲಿಂದ ಗೊತ್ತಿತ್ತೇನಪ್ಪಾ?"

"ತಮ್ಮನ ದನಿ ಗೊತ್ತಾಗೂದಿಲ್ಲೇನು? ಅವಗೂ ಗೊತ್ತಿತ್ತು."

"ಹಂಗಾರ ಇಂಡಿಗೆ ಹೋಗಿ ಕರದು ಬರೂಣು. ಗಾಡಿ ನಾ ಹೊಡೀತೇನಿ, ಈಗಿಂದೀಗ ಏಳು."

"ಹೋದಮ್ಯಾಲ ಅಂವ ಬಾಗಲಾ ತಗೀಲಿಲ್ಲಂದ್ರ?" ಅಪ್ಪ ಕಿಟಕಿಯ ಕಡೆ ತಿರುಗಿದರು. "ಅಂಜಿಕಿ ಬರ್ತೈತಿ ನನಗ."

ಅಪ್ಪನೂ ಅಂಜುತ್ತಾರೆಂಬುದು ಆಕೆಗೆ ಹೊಸದು.

ಮುಂದಿನ ಭಾನುವಾರ ಚಹಾದಂಗಡಿ ಮುಚ್ಚಿತ್ತು. ಅದರ ಮುಂದಿನದೂ ಅಷ್ಟೇ. ಮಾಳಿಂಗಪ್ಪ ಮಾತ್ರ ಸಂತೆ ಮುಗಿಯುವ ತನಕ ಲಾರಿ ತಂದು ಅದರೆದುರು ನಿಲ್ಲಿಸಿಕೊಂಡಿರುತ್ತಿದ್ದ. ಜಯಮಾಲಾ ಮಾಳಿಗೆಯಿಂದ ಕೆಳಗೆ, ಕೆಳಗಿನಿಂದ ಮಾಳಿಗೆಗೆ ಸುಮ್ಮಸುಮ್ಮನೆ ಓಡಾಡಿದಳು. ಸೀರೆ ಬಂದವು, ಬಳೆ ಬಂದವು, ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ತನ್ನ ಬಾಯಿಗೆ ತಾನೇ ಶಾಪ ಹಾಕಿದಳು.

ಮದುವೆಗೆ ಮುಂಚಿನ ಕಡೆಯ ಸಂತೆಯಲ್ಲಿ ಬುಟ್ಟಿ ಮಾರುವ ಮುದುಕನೊಬ್ಬ ಹೊಸದಾಗಿ ಬಂದ. ನೆಟ್ಟಗೆ ಲಾರಿಯ ಹತ್ತಿರ ಹೋದ.

"ನಮಸ್ಕಾರ್ರಿ ಡ್ರೈವರ್ರ. ನಾ ಪರ ಊರಾಂವ. ನಿಮ್ಮ ಮನ್ಯಾಗ ಮದವಿ ಐತಂತ?"

ಮೂಗು ಹಿಡಿದು ಮಾತಾಡಿದರೂ ದನಿ ಅದೇ. ಜಯಮಾಲಾ ಕುರ್ಚಿಯಿಂದ ಎದ್ದುಬಿಟ್ಟಳು. ಕಾಕಾ ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಸಂತೆ ನಡೆಸುವವಳಿಗೆ ಎಲ್ಲರ ಮೈಕಿನ ಮೇಲೂ ಅಧಿಕಾರವಿರುತ್ತದೆ. ಅವರಿಬ್ಬರದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಬಂದ್ ಮಾಡಿದಳು. ತನ್ನದನ್ನೂ ಬಂದ್ ಮಾಡಿದಳು. ದನಿ ಬರವಲ್ದು ಎಂದು ಜನ ಬರೆದು ಬರೆದು ಕಳಿಸಿದರು. ಬರೆಯಲಿ.

"ಹೌದ್ರಿ, ಬರೂ ಗುರುವಾರ, ಬಾಗೇವಾಡ್ಯಾಗ," ಎಂದ ಮಾಳಿಂಗಪ್ಪ. ಲಾರಿಯಿಂದ ಕೆಳಗಿಳಿದು, "ನಾನ ಖುದ್ದ ಕರಿಯಾಕತ್ತೇನ್ರಿ. ಹಿಂದಿನ ದಿನಾನ ಬರಬೇಕು. ನೀವು ಬರೂತನಕ ಅಕ್ಕಿಕಾಳ ಬೀಳೂದಿಲ್ರಿ."

ಬುಟ್ಟಿಯವನು ತಲೆಯ ಮೇಲಿನ ಬುಟ್ಟಿ ಕೆಳಗಿಳಿಸಿದ.

"ಮಗಳ ಹೆಸರೇನ್ರಿ?"

"ಜಯಮಾಲಾ. ಅಕಿ ಕಾಕಾ ಇಟ್ಟ ಹೆಸರ್ರಿ."

"ಚೊಲೋ ಹೆಸರೈತ್ರಿ," ಎಂದ ಬುಟ್ಟಿಯವನು. ಆಮೇಲೆ ಮೂಗು ಹಿಡಿಯುವುದನ್ನೂ ಮರೆತು, "ಬರ್ತೇನಣ್ಣಾ," ಎಂದ.