ಮುಖ ತೊಳಕೊಂಡು ಬರ್ರಿ

ಮದುವೆಯ ಬಟ್ಟೆ ಕೊಳ್ಳುವ ಬಸ್ತಾಕ್ಕೆ ಕರೆಯುವಾಗ ಹಿರಿಯರನ್ನು ಕರೆದುಕೊಂಡು ಬನ್ನಿ ಅನ್ನುವವರಿದ್ದಾರೆ, ಊಟಕ್ಕೆ ಇಲ್ಲಿಗೇ ಬನ್ನಿ ಅನ್ನುವವರಿದ್ದಾರೆ. "ಹುಡುಗಿ ಮುಖ ತೊಳಕೊಂಡು ಬರ್ಲಿ, ಪೌಡರ್ ಗಿವಡರ್ ಏನೂ ಬ್ಯಾಡ" ಅಂದವರು ಮಾತ್ರ ಸೊಲ್ಲಾಪುರದ ಈ ಜನವೇ. ಫೋನ್ ಇಟ್ಟ ಕೂಡಲೇ ಇದರಲ್ಲಿ ಏನೋ ಇದೆ ಅಂದುಕೊಂಡೆ.

ಹುಡುಗಿ ಅಂದರೆ ಶರ್ವರಿ, ನನ್ನ ತಮ್ಮ ನಾಗೇಶನ ಮಗಳು. ತಾಯಿ ತೀರಿಕೊಂಡ ಮೇಲೆ ಅಕ್ಕಲಕೋಟೆಯಲ್ಲಿ ಅವಳನ್ನು ಬೆಳೆಸಿದವಳು ನಾನು. ಮರಾಠಿಯವರ ಹಾಗೆ ನನ್ನನ್ನು ಆತ್ಯಾ ಅನ್ನುತ್ತಾಳೆ. ಎಂ.ಎಸ್ಸಿ. ಓದಿದ್ದಾಳೆ, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಒಂದು ಮಾತಿಗೆ ಒಂದೇ ಮಾತು ಆಡುತ್ತಾಳೆ. ಬಣ್ಣ ಮಾತ್ರ ಅಪ್ಪನದು, ಹಳೆಯ ಬೆಲ್ಲದ್ದು. "ಹುಡುಗಿ ಜರಾ ಸಾವಳಿ", ಅಂದರೆ ಸ್ವಲ್ಪ ಕಪ್ಪು, ಎಂದು ಮೂಗು ಮುರಿದು ಎದ್ದುಹೋದ ಸಂಬಂಧಗಳನ್ನು ನಾನು ಕಂಡಿದ್ದೆ. ಹಾಗಾಗಿ ತುಷಾರನ ಮನೆಯವರು ನೋಡಲು ಬರುತ್ತೇವೆ ಅಂದಾಗ ದೀಪ ಹಚ್ಚುವ ಹೊತ್ತಿಗೇ ಬರಹೇಳಿದೆ. ಪಾರ್ಲರಿನವಳನ್ನು ಕರೆಸಿ ಮುಖಕ್ಕೆ, ಕುತ್ತಿಗೆಗೆ ದಪ್ಪಗೆ ಹಚ್ಚಿಸಿದೆ. ತಿಳಿ ಗುಲಾಬಿ ಸೀರೆ ಉಡಿಸಿದೆ. ತಿಳಿ ಬಣ್ಣ ಉಟ್ಟರೆ ಮುಖವೂ ತಿಳಿಯಾಗಿ ಕಾಣುತ್ತದೆ ಎಂಬುದು ನನ್ನ ಲೆಕ್ಕ. ತುಷಾರ ಒಪ್ಪಿದ. ನಿಶ್ಚಿತಾರ್ಥದ ಸಾಖರಪುಡಾಕ್ಕೂ ಅದೇ ಏರ್ಪಾಡು. ಆಮೇಲೆ ಅವರಿಬ್ಬರೂ ಮಾತಾಡಿದ್ದು ಮೊಬೈಲಿನಲ್ಲಿ. ಅದರ ಕ್ಯಾಮೆರಾ ನನ್ನ ಪಕ್ಷದ್ದೇ, ಎಲ್ಲರನ್ನೂ ಬೆಳ್ಳಗೆ ತೋರಿಸುತ್ತದೆ.

ಫೋನ್ ಮಾಡಿದವಳು ತುಷಾರನ ಅಕ್ಕ ಸುರಭಿ. ಪುಣೆಯಲ್ಲಿ ಅದೇನೋ ಹೊಸ ವಿದ್ಯೆ ಕಲಿತು ಬಂದಿದ್ದಳು. ಬಣ್ಣಬಣ್ಣದ ಅರಿವೆ ಗಲ್ಲದ ಕೆಳಗೆ ಹಿಡಿದು, ಹುಟ್ಟಿದ ಮೈಬಣ್ಣಕ್ಕೆ ಯಾವುದು ಒಪ್ಪುತ್ತದೆ ಎಂದು ಹೇಳುವುದಂತೆ. ಸೀರೆ ಆರಿಸುವ ಮೊದಲು ಶರ್ವರಿಗೂ ಹಾಗೆ ನೋಡಬೇಕಂತೆ, ಅದೂ ಹಗಲು ಬೆಳಕಿನಲ್ಲಿ.

"ಚಲೋ ಆತಲ್ಲ ಆತ್ಯಾ," ಅಂದಳು ಶರ್ವರಿ. "ನನಗ ಯಾವ ಬಣ್ಣ ಒಪ್ಪತದ ಅಂತ ನನಗೂ ಗೊತ್ತಿಲ್ಲ."

"ಹುಚ್ಚಿ, ಅವರು ಸೀರಿ ನೋಡಾಕ ಕರದಿಲ್ಲ, ನಿನ್ನ ನೋಡಾಕ ಕರದಾರ. ಬಲಿ ಬೀಸ್ಯಾರ."

"ನಿನಗ ಎಲ್ಲಾದರಾಗೂ ಸಂಶಯ."

ಸಂಶಯಪಡದೆ ಇದ್ದಿದ್ದರೆ ಈ ಸಂಬಂಧ ಇಲ್ಲಿಯವರೆಗೆ ಬರುತ್ತಿತ್ತೇ? ಹಿಂದಿನ ದಿನವೇ ಅವಳ ಬಿಸಿಲಿನ ಕ್ರೀಮಿನ ಬಾಟಲಿಯಲ್ಲಿ ಪಾರ್ಲರಿನ ಕ್ರೀಮ್ ಕಲಸಿಟ್ಟೆ. ಬೆಳಿಗ್ಗೆ ಶರ್ವರಿ, ಸುರಭಿ ಹೇಳಿದ ಹಾಗೆ, ಮುಖ ತೊಳೆದುಕೊಂಡು ಬಸ್ ಹತ್ತಿದಳು. ದಾರಿಯಲ್ಲಿ ವಳಸಂಗ ದಾಟಿದ ಮೇಲೆ ನಾನು ಕೈಚೀಲದಿಂದ ಬಾಟಲಿ ತೆಗೆದೆ. "ಬಿಸಿಲು ಭಾಳ ಅದ, ಇದಿಷ್ಟು ಹಚ್ಚತೀನಿ ತಡಿ" ಎಂದೆ. ಕಿಟಕಿಯಾಚೆ ನೋಡುತ್ತಲೇ ಮುಖ ಒಡ್ಡಿದಳು. ನನ್ನ ಕೈ ಹಗುರ, ಅವಳಿಗೆ ಗೊತ್ತಾಗಲಿಲ್ಲ.

ಅವರ ಬಟ್ಟೆ ಅಂಗಡಿ ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿ. ಮೇಲಿನ ಕೋಣೆಯ ದೊಡ್ಡ ಕಿಟಕಿಯ ಎದುರು ಕುರ್ಚಿ ಹಾಕಿ ಇಟ್ಟಿದ್ದರು. ಚಹಾ ಬಂತು, ಚಿವಡಾ ಬಂತು, ನಗು ಬಂತು. ಯಾವುದನ್ನೂ ನಾನು ನಂಬಲಿಲ್ಲ. ಸುರಭಿ ಶರ್ವರಿಯ ಕೂದಲನ್ನು ಬಿಳಿ ಅರಿವೆಯಿಂದ ಕಟ್ಟಿ, ಹೆಗಲ ಮೇಲೂ ಒಂದು ಬಿಳಿ ಅರಿವೆ ಹೊದಿಸಿದಳು. ತುಷಾರ ಬಾಗಿಲಲ್ಲಿ ಮೊಬೈಲ್ ತಿರುವುತ್ತ ನಿಂತಿದ್ದ. ಅವನ ತಾಯಿ ವೇಣೂಬಾಯಿ ಚಷ್ಮಾ ಏರಿಸಿಕೊಂಡು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಅವರ ಕಣ್ಣು ಮಗಳ ಕೈಯಲ್ಲಿದ್ದ ಬಣ್ಣಗಳ ಮೇಲೆ ಇರಲೇ ಇಲ್ಲ. ಶರ್ವರಿಯ ಕಿವಿಯ ಹಿಂದೆ, ಕುತ್ತಿಗೆಯ ಸಂದಿಯಲ್ಲಿ, ಬೆರಳುಗಳ ನಡುವೆ ಹುಡುಕುತ್ತಿತ್ತು. ಸಿಕ್ಕಿದಿರಿ ಅಂದುಕೊಂಡೆ ಮನಸ್ಸಿನಲ್ಲೇ.

ಸಿಕ್ಕವಳು ನಾನು. ಶರ್ವರಿ ಕತ್ತು ಹೊರಳಿಸಿದಾಗ ಬಿಳಿ ಅರಿವೆಯ ಅಂಚಿಗೆ ಗೋಧಿಹಿಟ್ಟಿನ ಬಣ್ಣದ ಕಲೆ ಹತ್ತಿತು. ಸುರಭಿ ಅದನ್ನು ಬೆರಳಿನಿಂದ ಮುಟ್ಟಿ ತಾಯಿಗೆ ತೋರಿಸಿದಳು.

"ಒಳಗ ಹೋಗಿ ಸಾಬಾಣ ಹಚ್ಚಿ ಮುಖ ತೊಳಕೊಂಡು ಬಾ ಅವ್ವಾ," ಅಂದರು ವೇಣೂಬಾಯಿ. "ಕುತ್ತಿಗಿನೂ."

ಶರ್ವರಿ ಕಲೆ ನೋಡಿದಳು. ನನ್ನ ಕೈಚೀಲ ನೋಡಿದಳು. ಎದ್ದು ಹೋದಳು. ಒಳಗೆ ನಲ್ಲಿಯ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮುಗಿಯಿತು, ಇದೂ ಹೋಯಿತು, ತಮ್ಮನಿಗೆ ಏನು ಹೇಳಲಿ ಅಂದುಕೊಂಡೆ.

ಅವಳು ಹಸಿ ಮುಖದಲ್ಲೇ ಬಂದು ಕೂತಳು. ವೇಣೂಬಾಯಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಕುತ್ತಿಗೆ ನೋಡಿದರು, ತೋಳಿನ ಬಟ್ಟೆಯನ್ನು ಮೊಣಕೈವರೆಗೆ ಸರಿಸಿ ನೋಡಿದರು. ನೋಡಿ, ಬಾಯ್ತುಂಬ ನಕ್ಕುಬಿಟ್ಟರು.

"ಏನೂ ಇಲ್ಲ ನೋಡ! ಬರೇ ಸಾವಳಿ!"

ನನಗೆ ಅರ್ಥವಾಗಲಿಲ್ಲ. ಅವರೇ ನನ್ನ ಕಡೆ ತಿರುಗಿ ಹೇಳಿದರು. "ಸಿಟ್ಟಾಗಬ್ಯಾಡ್ರಿ ಸುಮಿತ್ರಾಬಾಯಿ. ಸಾಖರಪುಡಾದಾಗ ಮುಖ ಒಂದು ಬಣ್ಣ, ಕೈ ಒಂದು ಬಣ್ಣ. ಇಷ್ಟು ದಪ್ಪ ಬಳದಾರ ಅಂದ್ರ ಒಳಗ ತೊನ್ನು ಇರಬೇಕು ಅಂತ ಯಾರೋ ತಲಿಯಾಗ ಹುಳ ಬಿಟ್ರು. ನಿದ್ದಿ ಬರಲಾರದಂಗ ಆಗಿತ್ತು. ಕಪ್ಪಿದ್ರ ನಮಗೇನ್ರಿ? ನಾ ಏನು ಬೆಳ್ಳಗ ಅದೀನೇನು?"

ನಾನು ಸಿಟ್ಟಾಗಬೇಕಿತ್ತು. ಆಗಲಿಲ್ಲ. ಮದುವೆ ಉಳಿಯಿತು ಎಂದು ಸಂತೋಷವಾಯಿತು, ಇದ್ದದ್ದನ್ನು ಹೇಳುತ್ತೇನೆ. ನಾನೂ ಹಲ್ಲು ಕಿರಿದೆ.

ಸುರಭಿ ಹುರುಪಿನಿಂದ ಶುರು ಮಾಡಿದಳು. ಮೊದಲು ತಿಳಿ ಗುಲಾಬಿ, ನಾನು ಯಾವಾಗಲೂ ಉಡಿಸುವ ಬಣ್ಣ. ಶರ್ವರಿಯ ಮುಖ ಬೂದಿಯಾಯಿತು, ಕಣ್ಣ ಕೆಳಗೆ ದಣಿವು ಕಂಡಿತು. ಕೆನೆ ಬಣ್ಣಕ್ಕೂ ಅದೇ ಗತಿ. ಆಮೇಲೆ ಕುಸುಬಿ ಹೂವಿನ ಕೇಸರಿ ಹಿಡಿದಳು, ಮುಖ ಎಚ್ಚರಾಯಿತು. ನೇರಳೆ ಹಿಡಿದಳು. ಆ ನೇರಳೆಯ ಮೇಲೆ ಶರ್ವರಿಯ ಮುಖ ಎಷ್ಟು ಚಂದ ಕಂಡಿತೆಂದರೆ ನಾನು ಎದ್ದು ಹತ್ತಿರ ಹೋಗಿ ನೋಡಿದೆ. ನನ್ನ ಕೈಯಲ್ಲೇ ಬೆಳೆದ ಮುಖವನ್ನು ಅಂಗಡಿಯಲ್ಲಿ ಬೇರೆಯವರು ತೋರಿಸಿಕೊಡಬೇಕಾಯಿತು.

"ಇದ್ದಿದ್ರ?" ಅಂದಳು ಶರ್ವರಿ.

"ಏನು ಅವ್ವಾ?" ಅಂದರು ವೇಣೂಬಾಯಿ.

"ತೊನ್ನು. ಇದ್ದಿದ್ರ ಏನ್ ಮಾಡ್ತಿದ್ರಿ?"

"ಇಲ್ಲಲ್ಲ ಈಗ! ಶುಭ ಕೆಲಸದಾಗ ಅಂಥ ಮಾತು ಯಾಕ?"

ಶರ್ವರಿ ತುಷಾರನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ, ಇವತ್ತು ಯಾಕ ಕರದಾರ ಅಂತ?"

"ಆಯಿ ಅಂದ್ಳು... ಒಂದ್ಸಲ ನೋಡಿಬಿಡೂಣು ಅಂತ." ಅವನು ಮೊಬೈಲ್ ಜೇಬಿಗಿಟ್ಟ. "ಏನೂ ಇಲ್ಲಲ್ಲ, ಸೋಡ್ ನಾ ಆತಾ."

ಬಿಟ್ಟುಬಿಡು ಅಂದ. ಅವಳು ಹೆಗಲ ಮೇಲಿನ ನೇರಳೆ ಅರಿವೆ ತೆಗೆದು, ಮಡಚಿ, ಸುರಭಿಯ ಕೈಗೆ ಕೊಟ್ಟಳು. "ಬಸ್ತಾ ಇವತ್ತು ಬ್ಯಾಡ. ನಾ ಕೇಳಿದ್ದಕ್ಕ ಉತ್ತರ ಸಿಕ್ಕ ಮ್ಯಾಗ ಅಕ್ಕಲಕೋಟಿಗೆ ಬಂದು ಹೇಳ್ರಿ," ಎಂದು ತುಷಾರನಿಗೇ ಹೇಳಿ ಮೆಟ್ಟಿಲಿಳಿದಳು. ವೇಣೂಬಾಯಿ ನನ್ನನ್ನು ನೋಡಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಓಡಿದೆ.

ಗಲ್ಲಿಯಲ್ಲಿ ಅವಳನ್ನು ಹಿಡಿದಾಗ ನನಗೆ ಒಂದು ಬಗೆಯ ಗೆಲುವೂ ಇತ್ತು. "ನಾ ಹೇಳಿದ್ದಿಲ್ಲೇನು? ಬಲಿ ಅಂತ ನಾ ಹೇಳಿದ್ದಿಲ್ಲೇನು?"

"ಹೇಳಿದ್ದಿ," ಅಂದಳು, ನಡಿಗೆ ನಿಲ್ಲಿಸದೆ. "ಅವರು ಮೊನ್ನಿ ಮೊನ್ನಿ ಸಂಶಯ ಪಟ್ರು. ನಾ ಸಣ್ಣಾಕಿ ಇದ್ದಾಗಿಂದ ನೀ ಪಡಾಕತ್ತಿ. ಅವರು ಹುಡುಕಿದ ರೋಗ ನನಗಿಲ್ಲ ಆತ್ಯಾ. ನೀ ಮುಚ್ಚಿದ್ದು ನನ್ನ ಮುಖ."

"ನಿನ್ನ ಚಲೋಕ್ಕ..." ಅಂದೆ.

ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ನನ್ನ ಕೈ ತನ್ನಷ್ಟಕ್ಕೆ ಸೆರಗು ಬಿಡಿಸಿ ಅವಳ ತಲೆಯ ಮೇಲೆ ಹಿಡಿಯಿತು. "ಬಿಸಿಲಾಗ ನಡಿಬ್ಯಾಡ, ಮತ್ತಷ್ಟು..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಅವಳು ನಿಂತಳು. ಬೆಳಿಗ್ಗೆಯಿಂದ ನಾನು ಆ ಮನೆಯವರನ್ನು ನೋಡಿದ ಹಾಗೆಯೇ ನನ್ನನ್ನು ನೋಡಿದಳು. ಆ ನೋಟ ತಡೆಯಲಾರದೆ ನಾನು ಸೆರಗು ಕೆಳಗಿಳಿಸಿದೆ.

ಬಸ್ ಅರ್ಧ ಖಾಲಿ ಇತ್ತು. ನಾನು ಹತ್ತುವಷ್ಟರಲ್ಲಿ ಅವಳು ಬಿಸಿಲು ಬೀಳುವ ಬದಿಯ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟಿದ್ದಳು. ತೆಗೆಯುತ್ತಾಳೇನೋ ಎಂದು ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಹಿಂದಿನ ಸೀಟಿಗೆ ಹೋಗಿ ಕೂತೆ.