ಚೆಂಡು ದಾಟಿದ ಮೇಲಿನ ವಾಕ್ಯ

ಕಾದ ರೇಡಿಯೋದ ವಾಸನೆ ಹೇಗಿರುತ್ತಿತ್ತೆಂದು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಗುಂಡಿ ತಿರುವಿ ಸ್ವಲ್ಪ ಹೊತ್ತಾದ ಮೇಲೆ ಅದರ ಬೆನ್ನಿನಿಂದ ಸುಟ್ಟ ಧೂಳು, ಬಿಸಿ ಮರ, ಅರಗು ಎಲ್ಲ ಸೇರಿದ ಒಂದು ವಾಸನೆ ಏಳುತ್ತಿತ್ತು. ಮಂದಾಕಿನಿಬಾಯಿಯವರಿಗೆ ಇಂಗ್ಲಿಷ್ ಎಂದರೆ ಮೊದಲು ನೆನಪಾಗುವುದು ಆ ವಾಸನೆಯೇ. ಧಾರವಾಡದ ಮಾಳಮಡ್ಡಿಯ ಮನೆಯ ಪಡಸಾಲೆಯಲ್ಲಿ ಅವರ ತಂದೆ ಹಾಕಿ ಪಂದ್ಯದ ಕಾಮೆಂಟರಿ ಹಚ್ಚಿಕೊಂಡು ಕೂಡುತ್ತಿದ್ದರು. ಒಂದು ಚೆಂದದ ವಾಕ್ಯ ಕಿವಿಗೆ ಬಿದ್ದರೆ ಸಾಕು, ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಅದನ್ನು ಬಿಡಿಸಿ ಬಿಡಿಸಿ ಮಗಳಿಗೆ ಹೇಳಿಕೊಡುತ್ತಿದ್ದರು. ಅಷ್ಟರಲ್ಲಿ ರೇಡಿಯೋದೊಳಗೆ ಗದ್ದಲವೇಳುತ್ತಿತ್ತು.

"ಅಪ್ಪಾ, ಗೋಲ್ ಆತೇನು?" ಎಂದು ತಮ್ಮ ದತ್ತು ಕುಣಿದಾಡಿದರೆ, "ತಡಿಯೋ, ವಾಕ್ಯ ಮುಗೀಲಿ" ಎನ್ನುತ್ತಿದ್ದರು.

ಮೊದಲು ತಲೆಯಲ್ಲಿ ವಾಕ್ಯ ಕಟ್ಟಬೇಕು, ಆಮೇಲೆ ಬಾಯಿ ತೆರೆಯಬೇಕು. ತಂದೆಯಿಂದ ಬಂದ ಆ ಪಾಠವನ್ನು ಮಂದಾಕಿನಿಬಾಯಿ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ನಿವೃತ್ತಿಯಾಗುವವರೆಗೂ ಮಕ್ಕಳಿಗೆ ಹೇಳಿದರು. ಅದರಿಂದ ಯಾರಿಗೂ ಕೆಡುಕಾದದ್ದು ಅವರು ಕಂಡಿರಲಿಲ್ಲ.

ಆ ಮಕ್ಕಳ ಪೈಕಿ, ಅವರು ಕಲಿಸಿದ ಕೊನೆಯ ವರ್ಷದಲ್ಲಿ ಓದಿದವಳು ದಾಕ್ಷಾಯಿಣಿ. ಕಾಲೇಜಿನ ಹಾಕಿ ತಂಡದಲ್ಲಿ ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಹುಡುಗಿ. ಒಂದು ಪಂದ್ಯದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದು ಆಟ ಅಲ್ಲಿಗೇ ನಿಂತಿತು. ಈಗ ಲಕಮನಹಳ್ಳಿಯ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ, ಪಾಳಿ ಮುಗಿಯುವವರೆಗೆ ನಿಂತೇ ಇರಬೇಕು. ಹೀಗೇ ನಿಂತರೆ ಕಾಲು ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಕೆಲವರು ಸೇರಿ ಹೆಣ್ಣುಮಕ್ಕಳ ಹಾಕಿ ಪಂದ್ಯಗಳನ್ನು ಮೊಬೈಲಿನಲ್ಲಿ ನೇರ ತೋರಿಸುತ್ತಾರಂತೆ, ಇಂಗ್ಲಿಷಿನಲ್ಲಿ ಕಾಮೆಂಟರಿ ಹೇಳುವವರು ಬೇಕಾಗಿದ್ದಾರಂತೆ ಎಂಬ ಸುದ್ದಿ ಬಂತು. ಕೂತು ಮಾಡುವ ಕೆಲಸ, ಅದೂ ಹಾಕಿಯದು. ದಾಕ್ಷಾಯಿಣಿ ಸೀದಾ ಮಾಳಮಡ್ಡಿಗೆ, ತನ್ನ ಹಳೆಯ ಗುರುಗಳ ಮನೆಗೆ ಬಂದಳು.

"ಅಕ್ಕಾರ, ಆಟ ನನಗ ಗೊತ್ತೈತ್ರಿ. ಇಂಗ್ಲೀಷ್ ಅಷ್ಟ ನೀವು ತಿದ್ದಿ ಕೊಡ್ರಿ."

"ಒಮ್ಮೆ ಹೇಳು ನೋಡೋಣ" ಎಂದರು ಮಂದಾಕಿನಿಬಾಯಿ. ಅವಳು ಮೊಬೈಲಿನಲ್ಲಿ ಒಂದು ಹಳೆಯ ಪಂದ್ಯ ಹಚ್ಚಿ, ಅದರ ದನಿ ಅಡಗಿಸಿ, ಒಂದೇ ಉಸಿರಿನಲ್ಲಿ ಶುರುಮಾಡಿದಳು. "ಲೆಫ್ಟ್ ಸೈಡ್, ಫಾಸ್ಟ್, ಫಾಸ್ಟ್, ಟರ್ನ್, ಟ್ರೈ ಗೋಲ್! ಕೀಪರ್ ಪ್ಯಾಡ್! ಅಗೇನ್ ಟ್ರೈ! ಅಯ್ಯೋ, ಔಟ್!"

ಕೇಳುತ್ತ ಕೇಳುತ್ತ ಮಂದಾಕಿನಿಬಾಯಿ ಕುರ್ಚಿಯ ತುದಿಗೆ ಬಂದುಬಿಟ್ಟಿದ್ದರು. ಆದರೆ ಮುಗಿದ ಕೂಡಲೇ ಅವರೊಳಗಿನ ಮಾಸ್ತರಿಕೆ ಎಚ್ಚರಗೊಂಡಿತು.

"ಟ್ರೈ ಗೋಲ್ ಅನ್ನೂದು ಇಂಗ್ಲೀಷಿನ್ಯಾಗ ಇಲ್ಲವಾ. ಶೀ ಹ್ಯಾಸ್ ಹ್ಯಾಡ್ ಎ ಶಾಟ್ ಅಟ್ ಗೋಲ್ ಅನಬೇಕು. ಕೀಪರ್ ತಡದ್ರ, ವಿಚ್ ದಿ ಗೋಲ್‌ಕೀಪರ್ ಹ್ಯಾಸ್ ಸೇವ್ಡ್ ವಿತ್ ಹರ್ ಪ್ಯಾಡ್ಸ್. ಬಾಜೂಕ ಹೋದ್ರ, ದಿ ಶಾಟ್ ಹ್ಯಾಸ್ ಗಾನ್ ವೈಡ್ ಆಫ್ ದಿ ಪೋಸ್ಟ್."

"ಎವ್ವಾ! ಅಷ್ಟು ಹೇಳಿ ಮುಗಸೂದ್ರಾಗ ನಾ ಇನ್ನೊಂದು ಗೋಲ್ ಹೊಡದು ಬರತಿದ್ನಿ ನೋಡ್ರಿ!"

ಇಬ್ಬರೂ ನಕ್ಕರು. ಆಮೇಲೆ ಮಂದಾಕಿನಿಬಾಯಿಯೇ ಒಂದು ಉಪಾಯ ಹುಡುಕಿದರು. ಯಾರಾದರೂ ಗೋಲಿನತ್ತ ಚೆಂಡು ಹೊಡೆದ ಕೂಡಲೇ ಆಟವನ್ನು ಅಲ್ಲೇ ನಿಲ್ಲಿಸುವುದು. ಚೆಂಡು ಗಾಳಿಯಲ್ಲಿ ಹಾಗೇ ನಿಂತಿರಲಿ, ದಾಕ್ಷಾಯಿಣಿ ವಾಕ್ಯವನ್ನು ಪೂರ್ತಿ ಕಟ್ಟಲಿ, ಹೇಳಲಿ, ಆಮೇಲೆ ಆಟ ಮುಂದೆ ಹೋಗಲಿ. ದಿನವೂ ಪಾಳಿ ಮುಗಿಸಿ, ಬಾತ ಮೊಣಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡು ಅವಳು ಹಾಗೆಯೇ ಕಲಿತಳು. ಕೆಲವು ವಾರಗಳಲ್ಲಿ ಅವಳ ಒಂದು ವಾಕ್ಯದಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಮಂದಾಕಿನಿಬಾಯಿ ದತ್ತುವಿಗೆ ಫೋನಿನಲ್ಲಿ ಹೇಳಿಕೊಂಡು ಹಿಗ್ಗಿದರು.

ಕಾಮೆಂಟರಿ ಕೆಲಸಕ್ಕೆ ಆರಿಸುವ ಪರೀಕ್ಷೆಯ ದಿನ ದಾಕ್ಷಾಯಿಣಿ ಅವರನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. "ನೀವು ಎದುರಿಗೆ ಕುಂತ್ರ ಧೈರ್ಯ ಬರತೈತ್ರಿ ಅಕ್ಕಾರ." ಮೋಡ ಕವಿದು ಗಾಳಿಯೇ ಇಲ್ಲದ ದಿನ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ ಕಾಸಿಮಸಾಬ ಎಂಬ ಮುದುಕ, ಯಾರೂ ಹೇಳದಿದ್ದರೂ, ತಾನು ಕೂಡುವ ಕುರ್ಚಿಯನ್ನು ಒರೆಸಿ ಮಂದಾಕಿನಿಬಾಯಿಯವರ ಹತ್ತಿರ ಇಟ್ಟು ಹೋದ. ಎರಡು ತಂಡದ ಹುಡುಗಿಯರು ಆಡಲು ನಿಂತರು. ಬಂದವರೆಲ್ಲ ಸರದಿಯ ಮೇಲೆ ಮೈಕಿನ ಮುಂದೆ ಕೂತು ಹೇಳಬೇಕು.

ದಾಕ್ಷಾಯಿಣಿಗಿಂತ ಮುಂಚೆ ಹೇಳಿದ ಸುರಭಿ ಎಂಬ ಹುಡುಗಿಯ ಇಂಗ್ಲಿಷು ಕೇಳುವ ಹಾಗಿರಲಿಲ್ಲ. "ಶೂಟ್, ಶೂಟ್! ಮಿಸ್ ಇಟ್! ಸೋ ಕ್ಲೋಸ್ ಇಟ್ ವಾಸ್!" ಎಂದು ಒದರುತ್ತಿದ್ದಳು. ಮಂದಾಕಿನಿಬಾಯಿ ಮನಸ್ಸಿನಲ್ಲೇ ಅವಳ ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆದು, ಇವಳಿಗೆ ಸಿಗುವುದಿಲ್ಲವೆಂದು ನಿರಾಳವಾದರು.

ದಾಕ್ಷಾಯಿಣಿ ಕೂತಳು. ಶುರುವಿಗೆ ಎಲ್ಲ ಸರಿಯಿತ್ತು, ಆಟ ನಡುಮೈದಾನದಲ್ಲಿ ತೆವಳುತ್ತಿತ್ತು. ಒಮ್ಮೆಲೇ ಕೆಂಪು ಅಂಗಿಯ ಹುಡುಗಿ ಚೆಂಡು ಕಿತ್ತುಕೊಂಡು ಓಡಿದಳು, ಹೊಡೆದಳು, ಕೀಪರಿನ ಪ್ಯಾಡಿಗೆ ಬಡಿಯಿತು. ದಾಕ್ಷಾಯಿಣಿ ಒಂದು ಕ್ಷಣ ಸುಮ್ಮನಾದಳು. ಆ ಕ್ಷಣದಲ್ಲಿ ಅವಳು ಏನು ಮಾಡುತ್ತಿದ್ದಾಳೆಂದು ಗೊತ್ತಿದ್ದದ್ದು ಮಂದಾಕಿನಿಬಾಯಿಯವರಿಗೆ ಮಾತ್ರ. ವಾಕ್ಯ ಕಟ್ಟುತ್ತಿದ್ದಳು.

"ದಿ ಸೆಂಟರ್ ಫಾರ್ವರ್ಡ್ ಹ್ಯಾಸ್ ಹ್ಯಾಡ್ ಎ ಶಾಟ್ ಅಟ್ ಗೋಲ್..."

ಮೈದಾನದಲ್ಲಿ ಚೆಂಡು ಪುಟಿದು ಮತ್ತೆ ಅದೇ ಹುಡುಗಿಯ ಕೋಲಿಗೇ ಬಂದಿತ್ತು.

"...ವಿಚ್ ದಿ ಗೋಲ್‌ಕೀಪರ್ ಹ್ಯಾಸ್ ಸೇವ್ಡ್..."

ಹುಡುಗಿ ಬಿದ್ದುಕೊಂಡೇ ಹೊಡೆದಳು. ಗೋಲ್! ಕೆಂಪು ಅಂಗಿಯವರೆಲ್ಲ ಚೀರಿ ಒಬ್ಬರ ಮೇಲೊಬ್ಬರು ಬಿದ್ದರು. ಕಾಸಿಮಸಾಬನೂ ಸುಣ್ಣದ ಬುಟ್ಟಿ ಎತ್ತಿ ಕುಣಿದ.

"...ವಿತ್ ಹರ್ ಪ್ಯಾಡ್ಸ್" ಎಂದು ದಾಕ್ಷಾಯಿಣಿ ಮುಗಿಸಿದಳು. ಅರ್ಧಕ್ಕೆ ಬಿಡಲಿಲ್ಲ. ಅರ್ಧಕ್ಕೆ ಬಿಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮುಂದೆಯೂ ಹಾಗೇ ನಡೆಯಿತು. ಚೆಂಡು ಮುಂದೆ ಮುಂದೆ, ತಪ್ಪಿಲ್ಲದ ವಾಕ್ಯ ಅದರ ಹಿಂದೆ ಹಿಂದೆ.

ಕೆಲಸ ಕೊಡುವ ಆಶಿಷ್ ಒಳ್ಳೆಯ ಮನುಷ್ಯ. ಬೇಜಾರು ಮಾಡಬಾರದೆಂದು ತಾನೇ ಎದ್ದು ಬಂದು ಹೇಳಿದ. "ನಿಮ್ಮಷ್ಟು ಛಲೋ ಇಂಗ್ಲೀಷ್ ಇಲ್ಲೆ ಯಾರದೂ ಇಲ್ರಿ. ಆದ್ರ ನೋಡೋರಿಗೆ ಚೆಂಡು ಎಲ್ಲೆ ಅದ ಅಲ್ಲೇ ಮಾತೂ ಬೇಕು. ಈ ಸಲ ಸುರಭಿನ್ನ ತಗೋತೀವ್ರಿ."

"ಆತ್ರಿ ಸರ್" ಎಂದಳು ದಾಕ್ಷಾಯಿಣಿ. ರಜೆ ಹಾಕಿರಲಿಲ್ಲ, ಎರಡನೇ ಪಾಳಿಗೆ ಹೋಗಲೇಬೇಕಿತ್ತು.

ಧಾರವಾಡಕ್ಕೆ ಮರಳುವ ಚಿಗರಿ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ತರಕಾರಿ ಚೀಲ ಹಿಡಿದಿದ್ದ ಹೆಂಗಸೊಬ್ಬಳು ದಾಕ್ಷಾಯಿಣಿ ಕಾಲೆಳೆಯುವುದನ್ನು ನೋಡಿ ಎದ್ದು ನಿಂತಳು. ಸೀಟಿನಲ್ಲಿ ದಾಕ್ಷಾಯಿಣಿ ಗುರುಗಳನ್ನೇ ಕೂಡಿಸಿದಳು. ಬಸ್ಸು ನವನಗರ ದಾಟಿತು.

"ನಾನಽ ಸಾವಕಾಶ ಆದ್ನಿ ಬಿಡ್ರಿ ಅಕ್ಕಾರ" ಎಂದಳು ದಾಕ್ಷಾಯಿಣಿ.

ಹೂಂ ಎಂದು ಸುಮ್ಮನಿದ್ದುಬಿಡಬಹುದಾಗಿತ್ತು. ಮಂದಾಕಿನಿಬಾಯಿಗೆ ಅದು ಆಗಲಿಲ್ಲ.

"ಅಲ್ಲ. ಮೊದಲನೇ ದಿನ ನಮ್ಮ ಪಡಸಾಲ್ಯಾಗ ಹೇಳಿದ್ಯಲಾ, ಅದನ್ನ ಹೇಳಿದ್ರ ಇವತ್ತು ನಿನಗ ಸಿಗತಿತ್ತು. ನಾ ಕೆಡಿಸಿದೆ."

ದಾಕ್ಷಾಯಿಣಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಖರೇ ಆಟ ಹಿಂಗ ನಿಲ್ಲೂದಿಲ್ಲಲಾ ಅಂತ ನನಗ ನಡುವ ಅನ್ನಸತಿತ್ರಿ" ಎಂದಳು. "ಆಟ ನಿಲ್ಲಿಸಿದಾಗೆಲ್ಲಾ ಅನ್ನಸತಿತ್ತು."

"ಮತ್ತ ಯಾಕ ಹೇಳಲಿಲ್ಲ ನೀನು?"

"ಕಲಸೋರಿಗೆ ತಿರುಗಿ ಹೆಂಗ ಹೇಳಬೇಕ್ರೀ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಮಂದಾಕಿನಿಬಾಯಿಗೆ.

ಲಕಮನಹಳ್ಳಿಯಲ್ಲಿ ದಾಕ್ಷಾಯಿಣಿ ಇಳಿದಳು. ತಮ್ಮ ನಿಲ್ದಾಣವಲ್ಲದಿದ್ದರೂ ಮಂದಾಕಿನಿಬಾಯಿ ಅವಳ ಹಿಂದೆ ಇಳಿದರು. ಏನೋ ಹೇಳುವುದಿತ್ತು, ಇಳಿದ ಮೇಲೆ ಅದೇನೆಂದು ಹೊಳೆಯಲಿಲ್ಲ. ಕಾರ್ಖಾನೆಯ ಗೇಟಿನತ್ತ ಜನ ಲಗುಬಗೆಯಿಂದ ಹೋಗುತ್ತಿದ್ದರು. ಅಲ್ಲಿದ್ದ ಕಲ್ಲಿನ ಕಟ್ಟೆಯ ಮೇಲೆ ಮಂದಾಕಿನಿಬಾಯಿ ಕೂತುಬಿಟ್ಟರು. ಮುಂಜಾನೆಯಿಂದ ಇಬ್ಬರ ಹೊಟ್ಟೆಗೂ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ.

ದಾಕ್ಷಾಯಿಣಿ ಒಮ್ಮೆ ಗೇಟಿನ ಕಡೆ ನೋಡಿದಳು, ಒಮ್ಮೆ ಅವರ ಕಡೆ. ಕೆಟ್ಟ ಕಾಲನ್ನು ಉದ್ದಕ್ಕೆ ಚಾಚಿ ಪಕ್ಕದಲ್ಲಿ ಕೂತು, ಚೀಲದೊಳಗಿಂದ ಪಾಳಿಯ ಊಟದ ಡಬ್ಬಿ ತೆಗೆದಳು. ಮುಚ್ಚಳದಲ್ಲಿ ಒಂದು ರೊಟ್ಟಿ ಮುರಿದಿಟ್ಟು, ಹೆಸರುಕಾಳಿನ ಪಲ್ಯ ಹಾಕಿ, ಶೇಂಗಾ ಚಟ್ನಿ ಉದುರಿಸಿ, ಅವರ ಕೈಗೆ ಕೊಟ್ಟಳು.